ಕೀಲಿ ಕೊಡುವ ಮೊದಲು ನೀರು ಬಿಟ್ಟು ತೋರಿಸಲಿ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿನ ಅಧ್ಯಕ್ಷರು ತಾವು ಎಂಬ ಕಾರಣಕ್ಕೆ ಈ ಪತ್ರ ತಮಗೇ ಬರೆಯುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 8ನೇ ಕಲಂ ಆ ಕುರ್ಚಿಯನ್ನು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗೇ ಕೊಟ್ಟಿದೆ. ನಮ್ಮ ಬೀದಿಯಲ್ಲಿ ಈ ಮಾತು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ಹೋದ ಜೂನ್ ತಿಂಗಳಲ್ಲಿ, ಹೊಸ ಮನೆಯ ಛಾವಣಿಯ ನೀರು ಸೋರಿ ಮಲಗುವ ಕೋಣೆಯ ಗೋಡೆ ಮೂರನೇ ಸಲ ಒದ್ದೆಯಾದ ಮೇಲೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಮೋಕಾ ರಸ್ತೆ ಕಡೆಯ ಒಂದು ಹೊಸ ಬಡಾವಣೆಯಲ್ಲಿ ಒಂದೇ ಸಾಲಿಗೆ ಕಟ್ಟಿದ 14 ಮನೆಗಳಲ್ಲಿ ಒಂದು ನಮ್ಮದು. ಇಪ್ಪತ್ತು ವರ್ಷದ ಸಾಲ. ಪ್ರತಿ ತಿಂಗಳು 5ನೇ ತಾರೀಖಿಗೆ ಸಂಬಳದ ಅರ್ಧ ಭಾಗ ಬ್ಯಾಂಕಿಗೆ ಹೋಗುತ್ತದೆ. ಕಳೆದ ವರ್ಷ ಮೇ ತಿಂಗಳಲ್ಲಿ ಗೃಹಪ್ರವೇಶ ಮಾಡಿದೆವು. ಗೋಡೆಗೆ ಬಣ್ಣದ ವಾಸನೆ, ಬಾಗಿಲಿಗೆ ಮಾವಿನ ತೋರಣ, ಹೊರಗೆ ಉರಿ ಬಿಸಿಲು. ಆ ದಿನ ಮನೆಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಕಾಣುವುದಾದರೂ ಹೇಗೆ? ನಮ್ಮ ಕಡೆ ಮನೆ ಕೀಲಿ ಕೈಗೆ ಬರುವುದು ಹೆಚ್ಚಾಗಿ ಬೇಸಿಗೆಯ ಮುಹೂರ್ತದಲ್ಲಿ. ಮಳೆನೀರು ಹೋಗುವ ದಾರಿ ಸರಿಯಿದೆಯೋ ಇಲ್ಲವೋ ಎಂದು ಮಳೆ ಬಿದ್ದಾಗಲೇ ತಿಳಿಯಬೇಕು. ಬಳ್ಳಾರಿಗೆ ವರ್ಷಕ್ಕೆ ಬೀಳುವುದೇ 600 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಉತ್ತರೆ, ಹಸ್ತ ಮಳೆಗಳಲ್ಲಿ, ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಮಲೆನಾಡಿನ ಹಾಗೆ ದಿನವಿಡೀ ಜಿನುಗುವುದಿಲ್ಲ. ಬಂದರೆ ಒಂದೇ ತಾಸಿನಲ್ಲಿ ಸುರಿದು ಹೋಗುತ್ತದೆ. ಬಿಲ್ಡರ್ ಕೊಟ್ಟ "ಒಂದು ವರ್ಷದ ಗ್ಯಾರಂಟಿ" ಎಂಬ ಕಾಗದಕ್ಕೆ ನಮ್ಮೂರಿನಲ್ಲಿ ಇರುವ ಅರ್ಥ ಒಂದೇ ಒಂದು ಮಳೆಗಾಲ. ಆ ಮಳೆಗಾಲದಲ್ಲೂ ಜೋರು ಮಳೆ ಬೀಳುವುದು ನಾಲ್ಕೈದು ದಿನ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಗಟಾರ ಎಂದರೆ ನಮ್ಮಲ್ಲಿ ಬೀದಿಯ ಚರಂಡಿ. ನಾನು ಹೇಳುತ್ತಿರುವುದು ಸೂರಿನ ಅಂಚಿಗೆ ಕಟ್ಟುವ, ಛಾವಣಿಯ ನೀರನ್ನು ಹಿಡಿದು ಪೈಪಿಗೆ ಇಳಿಸುವ ಪಿವಿಸಿ ಗಟರ್ ವಿಷಯ. ಹಳ್ಳಿಗಳಲ್ಲಿ ಇದೇ ಕೆಲಸ ಮಾಡುವುದಕ್ಕೆ ದೋಣಿ, ಹರನಾಳಿಗೆ ಎನ್ನುತ್ತಾರೆ. ನಮ್ಮ ಸಾಲಿನ ಎಲ್ಲ ಮನೆಗಳಿಗೂ ಹಿಂಭಾಗದಲ್ಲಿ ಇಳಿಜಾರು ಛಾವಣಿ, ಅದರ ಅಂಚಿಗೆ 10 ಮೀಟರ್ ಉದ್ದದ ಗಟರ್, ಮೂಲೆಗೆ ಒಂದು ಪೈಪು.

ಕಳೆದ ವರ್ಷ ಉತ್ತರೆ ಮಳೆ ಬಂದ ಮೊದಲ ರಾತ್ರಿಯೇ ಆ ಗಟರ್ ಸೋರಿತು. ಜೋಡಣೆ ಇರುವ ಮೂರೂ ಕಡೆ ನೀರು ಗೋಡೆಗುಂಟ ಇಳಿಯಿತು. ದೂರದ ತುದಿಯಲ್ಲಿ ತುಂಬಿ ಹೊರಚೆಲ್ಲಿತು. ಪೈಪಿನಲ್ಲಿ ಮಾತ್ರ ಬೆರಳು ದಪ್ಪದ ನೀರು. ಬೆಳಿಗ್ಗೆ ನೋಡಿದರೆ ಗೋಡೆ ಬುಡದಲ್ಲಿ ಮಣ್ಣು ಕೊರೆದು ಸಾಲು ಬಿದ್ದಿತ್ತು.

ಫೋನ್ ಮಾಡಿದೆ. ಬಿಲ್ಡರ್ ಕಚೇರಿಯವರು ಮರ್ಯಾದೆಯಿಂದಲೇ ಮಾತಾಡಿದರು. "ಆಯ್ತು ಮೇಡಂ, ಹುಡುಗನ್ನ ಕಳಿಸ್ತೀವಿ" ಎಂದರು. ಮೂರು ವಾರದ ಮೇಲೆ ಒಬ್ಬ ಹುಡುಗ ಸಿಲಿಕೋನ್ ಟ್ಯೂಬು ಹಿಡಿದುಕೊಂಡು ಬಂದ. ಮಧ್ಯಾಹ್ನದ ಬಿಸಿಲಲ್ಲಿ, ಧೂಳು ಒರೆಸದೆ, ಜೋಡಣೆಯ ಹೊರಗಡೆಯಿಂದ ಬಳಿದು ಹೋದ. ನವೆಂಬರಿನಲ್ಲಿ ಒಂದು ಅಕಾಲಿಕ ಮಳೆಗೆ ಅದು ಸಿಪ್ಪೆಯಂತೆ ಕಳಚಿ ಬಂತು. ಎರಡನೇ ಸಲ ಬಂದಾಗ ಟೇಪು ಸುತ್ತಿದರು. ಜನವರಿಯಲ್ಲಿ ಮೂರನೇ ಸಲ ಬಂದವರು ಗಟರ್ ಮುಟ್ಟಲೇ ಇಲ್ಲ, ಗೋಡೆಯ ಕಲೆಗೆ ಬಣ್ಣ ಹೊಡೆದು ಹೋದರು. ನಾನು ಶಾಲೆಯಲ್ಲಿದ್ದೆ. ಸಂಜೆ ಬಂದು ನೋಡಿ ಬಹಳ ನೊಂದುಕೊಂಡೆ. ಸೋರುವುದು ಹಾಗೇ ಇದೆ, ಸೋರಿದ್ದಕ್ಕೆ ಇದ್ದ ಗುರುತನ್ನು ಅಳಿಸಿದ್ದಾರೆ.

ಈ ವರ್ಷ ಜೂನ್‌ನಲ್ಲಿ ಮತ್ತೆ ಸೋರಿತು. ಈ ಸಲ ಕಚೇರಿಯಿಂದ ಬಂದ ಉತ್ತರ ಬೇರೆ: "ಗ್ಯಾರಂಟಿ ಮೇ ತಿಂಗಳಿಗೇ ಮುಗೀತಲ್ಲ ಮೇಡಂ. ಅಲ್ದೆ ಗಟರ್ ಅಂದ್ರೆ ಮೇಂಟೆನೆನ್ಸು, ಕಟ್ಟಡದ್ದಲ್ಲ."

ನಮ್ಮ ಮಾವನವರು ಕುರುಗೋಡು ಸೀಮೆಯ ಹಳ್ಳಿಯವರು, ರೈತರು. ಅವರು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ಆ ಮನೆಯಲ್ಲಿ ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲೇ ಮಾಳಿಗೆ ಮೇಲೆ ಹೊಸ ಸವಳು ಮಣ್ಣು ಹರಡಿ, ತುಳಿದು, ದೋಣಿಯ ಕಡೆಗೆ ವಾಟ, ಅಂದರೆ ಇಳಿಜಾರು, ಕೊಡುತ್ತಿದ್ದರಂತೆ. ದೋಣಿ ಗೋಡೆಯಿಂದ ಒಂದು ಮೊಳ ಆಚೆ ಚಾಚಿರಬೇಕು, ನೀರು ಗೋಡೆಗೆ ಸಿಡಿಯಬಾರದು. ಅವರು ನಮ್ಮ ಹಿತ್ತಿಲಲ್ಲಿ ನಿಂತು ಐದು ನಿಮಿಷ ಮೇಲೆ ನೋಡಿ ಹೇಳಿದರು: "ಇದು ಅಂಟಿಂದು ತಪ್ಪಲ್ಲಮ್ಮ. ವಾಟ ಉಲ್ಟಾ ಐತಿ."

ಮರುದಿನ ಭಾನುವಾರ ನಾನು ಪರೀಕ್ಷೆ ಮಾಡಿದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ತಂದು, ಅದರಲ್ಲಿ ನೀರು ತುಂಬಿ, ಒಂದು ತುದಿ ಇಲ್ಲಿ, ಇನ್ನೊಂದು ತುದಿ ಅಲ್ಲಿ ಹಿಡಿದೆವು. ಮಗ ಏಣಿಯ ಮೇಲೆ, ಮಾವನವರು ಕೆಳಗೆ. ನೀರು ಇಳಿದು ಹೋಗಬೇಕಾದ ಮೂಲೆಯೇ ದೂರದ ತುದಿಗಿಂತ 2 ಸೆಂ.ಮೀ. ಎತ್ತರದಲ್ಲಿತ್ತು. ಎರಡು ಕ್ಲಾಂಪುಗಳ ನಡುವೆ ಒಂದೂವರೆ ಮೀಟರ್ ಅಂತರ ಬಿಟ್ಟಿದ್ದರಿಂದ ಮಧ್ಯ ಭಾಗ ಜೋತು ಬಿದ್ದಿತ್ತು. ಆ ಜೋತ ಜಾಗದಲ್ಲಿ ಮಳೆ ನಿಂತು ಎರಡು ದಿನವಾದರೂ ನೀರು ಹಾಗೇ ಇತ್ತು, ಸೊಳ್ಳೆ ಮರಿ ಸಮೇತ.

ಜೋಡಣೆ ಏಕೆ ಬಿಡುತ್ತದೆ ಎಂಬುದನ್ನು ನಾನು ಹತ್ತನೇ ತರಗತಿಯ ಮಕ್ಕಳಿಗೂ ತೋರಿಸಬಲ್ಲೆ. ಪಿವಿಸಿ ಬಿಸಿಗೆ ಹಿಗ್ಗುತ್ತದೆ, ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಡಿಸೆಂಬರ್ ಬೆಳಗಿನ ಚಳಿಗೂ ಏಪ್ರಿಲ್ ಮಧ್ಯಾಹ್ನದ ಬಳ್ಳಾರಿ ಬಿಸಿಲಿಗೂ ನಡುವೆ ಆ ಗಟರಿನ ಮೈಮೇಲೆ 40 ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. 10 ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ ಅದು ಎರಡೂಕಾಲು, ಎರಡೂವರೆ ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ, ಮತ್ತೆ ಅಷ್ಟೇ ಕುಗ್ಗುತ್ತದೆ. ಆ ಓಡಾಟಕ್ಕೆ ಜಾಗ ಬಿಟ್ಟು, ಒಳಗೆ ರಬ್ಬರ್ ಗ್ಯಾಸ್ಕೆಟ್ ಇರುವ ಜೋಡಣೆ ಹಾಕಬೇಕು. ಎರಡು ತುಂಡನ್ನು ಬಿಗಿಯಾಗಿ ತಳ್ಳಿ ಅಂಟು ಬಳಿದರೆ ಅಂಟು ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಇದು ಕಟ್ಟಿದವರಿಗೆ ತಿಳಿಯದ ವಿಷಯವೇನಲ್ಲ.

ಗಟರಿನ ಸೋರಿಕೆ ಸಣ್ಣ ವಿಷಯ, ಇದಕ್ಕೆ ಜಿಲ್ಲಾಧಿಕಾರಿಗೆ ಪತ್ರ ಬೇಕೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಅವರಿಗೆ ನಾನು ಹೇಳಿದ್ದು ನಮ್ಮ ಮಣ್ಣಿನ ಮಾತು. ಮೋಕಾ, ಸಿರುಗುಪ್ಪ ಕಡೆಯದು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಹತ್ತಿ ಬೆಳೆಯಲು ಅದು ಬಂಗಾರ. ಮನೆ ಕಟ್ಟುವವರು ಮಾತ್ರ ಅದಕ್ಕೆ ಅಂಜಬೇಕು. ನಮ್ಮ ಹಿಂಭಾಗದ ಛಾವಣಿ ಸುಮಾರು 40 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. 50 ಮಿ.ಮೀ. ಮಳೆ ಬಿದ್ದ ಒಂದು ರಾತ್ರಿಗೆ 2,000 ಲೀಟರ್. ಅಷ್ಟೂ ನೀರು ಒಂದೇ ಗೋಡೆಯ ಬುಡಕ್ಕೆ ಬಿದ್ದರೆ ಆ ಬದಿಯ ಎರೆಮಣ್ಣು ಉಬ್ಬಿ ಪಾಯವನ್ನು ಎತ್ತುತ್ತದೆ. ಮುಂಬದಿಯ ಮಣ್ಣು ಒಣಗಿದ್ದು ಹಾಗೇ ಇರುತ್ತದೆ. ಒಂದು ಕಡೆ ಎದ್ದು ಇನ್ನೊಂದು ಕಡೆ ಏಳದಿದ್ದರೆ ಗೋಡೆ ಓರೆಯಾಗಿ ಸೀಳುತ್ತದೆ. ನಮ್ಮ ಸಾಲಿನ ಒಂದು ಮನೆಯಲ್ಲಿ ಕಿಟಕಿಯ ಮೂಲೆಯಿಂದ ಅಂಥ ಓರೆ ಬಿರುಕು ಈಗಾಗಲೇ ಎದ್ದಿದೆ. ನೂರು ರೂಪಾಯಿಯ ಕ್ಲಾಂಪು ಉಳಿಸಲು ಹೋಗಿ ಪಾಯವನ್ನು ಅಪಾಯಕ್ಕೆ ಒಡ್ಡಿದ್ದಾರೆ. ಹೀಗಿರುವಾಗ ಗಟರ್ ಬೇರೆ, ಕಟ್ಟಡ ಬೇರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಾಯಿದೆಯೂ ಒಪ್ಪುವುದಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆ, ಜನ ರೇರಾ ಎನ್ನುವುದು, ಅದರ 14ನೇ ಕಲಂನ 3ನೇ ಉಪಕಲಂ ಹೇಳುವುದು ಇಷ್ಟು: ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷದ ಒಳಗೆ ಕಟ್ಟಡದ ರಚನೆಯ ದೋಷವಾಗಲಿ, ಕೆಲಸಗಾರಿಕೆ, ಗುಣಮಟ್ಟ, ಸೇವೆಯ ಬೇರೆ ಯಾವುದೇ ದೋಷವಾಗಲಿ ಗಮನಕ್ಕೆ ತಂದರೆ, ಅದನ್ನು ಪ್ರವರ್ತಕರು, ಅಂದರೆ ಬಿಲ್ಡರ್, 30 ದಿನದೊಳಗೆ, ಮತ್ತೆ ಹಣ ಕೇಳದೆ ಸರಿಪಡಿಸಬೇಕು. ಸರಿಪಡಿಸದಿದ್ದರೆ ಮನೆ ಕೊಂಡವರಿಗೆ ಪರಿಹಾರದ ಹಕ್ಕು ಬರುತ್ತದೆ. ಒಂದು ವರ್ಷ ಎಂದು ಬಿಲ್ಡರ್ ತನ್ನ ಕಾಗದದಲ್ಲಿ ಬರೆದುಕೊಂಡರೆ ಈ ಐದು ವರ್ಷ ಕರಗಿಹೋಗುವುದಿಲ್ಲ. ವಾಟ ಉಲ್ಟಾ ಆಗಿರುವುದು ಕೆಲಸಗಾರಿಕೆಯ ದೋಷವಲ್ಲದೆ ಇನ್ನೇನು?

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಗಟರಿನಲ್ಲಿ ಬೇವಿನ ಎಲೆ, ಧೂಳು, ಪಾರಿವಾಳದ ಗೂಡು ತುಂಬಿಕೊಂಡು ನೀರು ಉಕ್ಕಿದರೆ ಅದು ನನ್ನ ತಪ್ಪು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಎಲೆ ಉದುರಿದ ಮೇಲೆ ಒಮ್ಮೆ ಏಣಿ ಹಾಕಿ ತೆಗೆಯುವುದು ಮನೆಯಲ್ಲಿರುವವರ ಕೆಲಸ. ನಾವು ತೆಗೆಯುತ್ತೇವೆ. ವಾಟ, ಕ್ಲಾಂಪು, ಜೋಡಣೆ, ಪೈಪಿನ ಅಳತೆ ಕಟ್ಟಿದವರ ಕೆಲಸ. ಈ ಗೆರೆಯನ್ನು ಕೀಲಿ ಕೊಡುವ ದಿನವೇ ಎರಡೂ ಕಡೆಯವರು ಬರೆದುಕೊಂಡಿದ್ದರೆ ಒಂಬತ್ತು ತಿಂಗಳ ಫೋನು, ಜಗಳ, ಕಣ್ಣೀರು ಯಾವುದೂ ಇರುತ್ತಿರಲಿಲ್ಲ.

ಜೂನ್ ಕೊನೆಯಲ್ಲಿ ನಾನು ಫೋನ್ ಮಾಡುವುದನ್ನು ನಿಲ್ಲಿಸಿ ಪತ್ರ ಬರೆದೆ. ಎರಡು ಪುಟ. ಸ್ವಾಧೀನದ ತಾರೀಖು, ಸೋರಿದ ತಾರೀಖುಗಳು, ಮೂರು ಸಲ ಯಾರು ಬಂದು ಏನು ಮಾಡಿದರು, ಮಟ್ಟದ ಅಳತೆ, 14ನೇ ಕಲಂ, 30 ದಿನ. ಜೊತೆಗೆ ಮಳೆ ಬೀಳುವಾಗಲೇ ತೆಗೆದ ವಿಡಿಯೊ, ಬಣ್ಣ ಹೊಡೆಯುವ ಮೊದಲಿನ ಗೋಡೆಯ ಫೋಟೊ. ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ, ಇಮೇಲನ್ನೂ ಕಳಿಸಿದೆ. ಪತ್ರದಲ್ಲಿ ಒಂದೂ ಬೈಗುಳ ಇರಲಿಲ್ಲ. ಇಪ್ಪತ್ಮೂರನೇ ದಿನಕ್ಕೆ ಅವರ ಎಂಜಿನಿಯರ್ ಬಂದರು.

ಅವರು ಮಾಡಿದ ಕೆಲಸ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಹಳೆಯ ಗಟರ್ ಪೂರ್ತಿ ಬಿಚ್ಚಿಸಿದರು. ದಾರ ಎಳೆದು, ರಸಮಟ್ಟ ಇಟ್ಟು, ಎರಡು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಪೈಪಿನ ಕಡೆಗೆ ವಾಟ ಹಿಡಿದರು. ಎರಡೆರಡು ಅಡಿಗೆ ಕ್ಲಾಂಪು ಹೊಡೆಸಿದರು. ರಬ್ಬರ್ ಇರುವ ಜೋಡಣೆ ಹಾಕಿ, ಹಿಗ್ಗಲು ಜಾಗ ಬಿಟ್ಟರು. ಪೈಪಿನ ಬಾಯನ್ನು ಗೋಡೆ ಬುಡದಿಂದ ದೂರ ಒಯ್ದು, ನನ್ನ ಖರ್ಚಿನಲ್ಲಿ ಒಂದು ಸೋಸುಗುಂಡಿ ಇಟ್ಟು ಸಂಪಿಗೆ ಜೋಡಿಸಿದರು. ಆಮೇಲೆ ಹತ್ತು ಕೊಡ ನೀರನ್ನು ದೂರದ ತುದಿಗೆ ಸುರಿದು, "ನೋಡಿ ಮೇಡಂ" ಎಂದು ಕರೆದರು. ಒಂದು ಹನಿಯೂ ಗೋಡೆಗೆ ತಾಗಲಿಲ್ಲ. ಇಷ್ಟಕ್ಕೆ ಹಿಡಿದದ್ದು ಒಂದು ದಿನ, ಇಬ್ಬರು ಕೆಲಸಗಾರರು.

ಆ ದಿನ ಸಂಜೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಪಕ್ಕದ ಆರನೇ ಮನೆಯ ಅಕ್ಕ ಬಂದು ಹೊಸ ಗಟರನ್ನು ನೋಡುತ್ತ ನಿಂತರು. ಗಂಡ ತೀರಿಕೊಂಡ ಮೇಲೆ ಬಂದ ದುಡ್ಡಿನಲ್ಲಿ ಕೊಂಡ ಮನೆ ಅವರದು. ಅವರ ಗೋಡೆಯೂ ನಮ್ಮದರಂತೆಯೇ ಒದ್ದೆ. "ನಾನು ನನ್ನ ಮನಿ ನಸೀಬ ಹಿಂಗ ಅಂದ್ಕಂಡು 18 ಸಾವಿರ ಕೊಟ್ಟು ವಾಟರ್ ಪ್ರೂಫ್ ಬಣ್ಣ ಹೊಡಿಸಿದೆ, ಟೀಚರ್. ಅವ್ರ ಮಾಡ್ಕೊಡಬೇಕು ಅಂತ ಯಾರೂ ಹೇಳ್ಲಿಲ್ಲ ನಂಗೆ" ಎಂದರು. ಬಣ್ಣ ಹೊಡೆಸಿದ್ದು ಒಳಗಡೆ, ನೀರು ಬರುತ್ತಿದ್ದುದು ಹೊರಗಡೆಯಿಂದ. ಆ ಬಣ್ಣ ಈಗ ಗುಳ್ಳೆ ಎದ್ದು ಉದುರುತ್ತಿದೆ. ನಮ್ಮ 14 ಮನೆಗಳಲ್ಲಿ ನಾನು ಕಣ್ಣಾರೆ ನೋಡಿದ ಐದು ಮನೆಗಳ ಗಟರ್ ಇದೇ ರೀತಿ ಸೋರುತ್ತಿದೆ.

ಅವರ ಆ ಮಾತಿಗಾಗಿಯೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆದಿದ್ದೇನೆ. ಹಕ್ಕು ಇದೆ, ಅದು ಇದೆ ಎಂದು ಹೇಳುವವರಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತು ವರ್ಷಕ್ಕೆ ಕನಿಷ್ಠ ಎರಡು ಸಲ ಸಭೆ ಸೇರಬೇಕು ಎಂದು ಕಾಯಿದೆಯೇ ಹೇಳುತ್ತದೆ. ಗ್ರಾಹಕರ ಹಕ್ಕುಗಳ ಬಗ್ಗೆ ಸಲಹೆ ಕೊಡುವುದೇ ಅದರ ಕೆಲಸ. ಮುಂದಿನ ಸಭೆಯಲ್ಲಿ ಹೊಸ ಮನೆಗಳ ವಿಷಯವನ್ನು ತೆಗೆದುಕೊಳ್ಳಿ. ಮಹಾನಗರ ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ಬಿಲ್ಡರ್‌ಗಳು, ಬ್ಯಾಂಕಿನವರು ಎಲ್ಲರನ್ನೂ ಕೂರಿಸಿ ಒಂದು ಪದ್ಧತಿ ಹಾಕಿಕೊಡಿ: ಮನೆಯ ಕೀಲಿ ಕೊಡುವ ಮೊದಲು, ಕೊಂಡವರ ಎದುರಿಗೆ, ಛಾವಣಿಗೂ ಗಟರಿಗೂ ನೀರು ಬಿಟ್ಟು ತೋರಿಸಬೇಕು. ಸಮತಟ್ಟಾದ ತಾರಸಿಯಾದರೆ ಪೈಪಿನ ಬಾಯಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ನೋಡಲಿ, ಇಳಿಜಾರು ಛಾವಣಿಯಾದರೆ ಕೊಳವೆ ಹಿಡಿದು ಅರ್ಧ ತಾಸು ನೀರು ಬಿಡಲಿ. ಒಂದು ಟ್ಯಾಂಕರ್ ನೀರಿನಲ್ಲಿ ಮುಗಿಯುವ ಕೆಲಸ. ಬೇಸಿಗೆಯಲ್ಲಿ ನೀರು ಪೋಲಾಗುತ್ತದೆ ಎಂಬ ಮಾತು ಬಳ್ಳಾರಿಯಲ್ಲಿ ಹಗುರವಾದುದಲ್ಲ, ನನಗೆ ಗೊತ್ತು. ಅದೇ ನೀರನ್ನು ಸಂಪಿಗೆ ಬಿಟ್ಟುಕೊಂಡರೆ ಪೋಲಾಗುವುದಿಲ್ಲ. ತೋರಿಸಿದ ತಾರೀಖು ಬರೆದು ಇಬ್ಬರೂ ಸಹಿ ಹಾಕಲಿ.

ಅದೇ ದಿನ ಕೊಂಡವರ ಕೈಗೆ ಒಂದು ಪುಟದ ಕನ್ನಡ ಕಾಗದ ಬರಲಿ. ಐದು ವರ್ಷ, 30 ದಿನ, ಲಿಖಿತ ದೂರು ಎಂಬ ಮೂರು ಮಾತು ಅದರಲ್ಲಿ ದಪ್ಪಕ್ಷರದಲ್ಲಿ ಇದ್ದರೆ ಸಾಕು. ನಮ್ಮ ಮಾರಾಟ ಕರಾರು ಇಂಗ್ಲಿಷಿನಲ್ಲಿ 40 ಪುಟ ಇತ್ತು. ಆರನೇ ಮನೆಯ ಅಕ್ಕ ಅದಕ್ಕೆ ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಹಾಕಿದ್ದಾರೆ.

ಮೂರನೆಯದು, ನಮ್ಮ ಸಾಲಿಗೆ ಸಂಬಂಧಿಸಿದ್ದು. ಒಂದು ಗುಂಪಾಗಿ ಗ್ರಾಹಕರ ಹಕ್ಕಿಗೆ ಧಕ್ಕೆಯಾದ ದೂರು ಬಂದರೆ ಅದನ್ನು ವಿಚಾರಣೆ ಮಾಡುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 16ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗೆ ಇದೆ. ಒಂದೇ ಬಿಲ್ಡರ್, ಒಂದೇ ನಕ್ಷೆ, ಒಂದೇ ತಪ್ಪು, ಐದು ಮನೆ. ಐದೂ ಮನೆಯವರ ಸಹಿ ಇರುವ ದೂರನ್ನು ಬೇರೆಯಾಗಿ ತಮ್ಮ ಕಚೇರಿಗೆ ಕೊಡುತ್ತಿದ್ದೇವೆ. ಬಿಲ್ಡರ್ ಹೆಸರು ಅದರಲ್ಲಿದೆ, ಇಲ್ಲಿ ಬರೆದಿಲ್ಲ. ಅವರನ್ನು ಬೀದಿಗೆ ಎಳೆಯುವುದು ನನ್ನ ಉದ್ದೇಶವಲ್ಲ. ನಮ್ಮ ಮನೆಗೆ ಮಾಡಿಕೊಟ್ಟ ಕೆಲಸವನ್ನು ಉಳಿದ ಮನೆಗಳಿಗೂ, ಕೇಳದೆಯೇ, ಮಾಡಿಕೊಡಲಿ.

ಇದನ್ನು ಓದುತ್ತಿರುವ, ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲೇ ಇರಲಿ, ಹೊಸ ಮನೆಯಲ್ಲಿ ಗೋಡೆ ಒದ್ದೆಯಾಗಿ ಕೂತಿರುವ ಅಣ್ಣ ಅಕ್ಕಂದಿರಿಗೆ ಎರಡು ಮಾತು. ರೇರಾ ನೋಂದಣಿ ಕಡ್ಡಾಯವಾಗುವುದು ಜಾಗ 500 ಚದರ ಮೀಟರಿಗಿಂತಲೂ ಮನೆಗಳು ಎಂಟಕ್ಕಿಂತಲೂ ಹೆಚ್ಚಿರುವ ಯೋಜನೆಗಳಿಗೆ. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆ ಅದರಲ್ಲಿ ಬರುವುದಿಲ್ಲ. ಹಾಗೆಂದು ಕೈಚೆಲ್ಲಬೇಡಿ. ಮನೆ ಕಟ್ಟಿಕೊಡುವುದು "ಸೇವೆ" ಎಂದು ಸುಪ್ರೀಂ ಕೋರ್ಟ್ 1993ರಲ್ಲೇ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿದೆ. 2019ರ ಕಾಯಿದೆಯ ಸೇವೆಯ ಅರ್ಥವಿವರಣೆಯಲ್ಲೂ ಮನೆ ನಿರ್ಮಾಣ ಸೇರಿದೆ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ, 20ರಿಂದ 50 ಲಕ್ಷಕ್ಕೆ 1,000 ರೂಪಾಯಿ. ವಕೀಲರು ಇರಲೇಬೇಕೆಂದಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಆದರೆ ಎರಡು ವರ್ಷದ ಗಡುವು ಇದೆ, ಅದನ್ನು ಮೀರಬೇಡಿ. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅದಕ್ಕೂ ಮೊದಲು, ಮಳೆ ಬೀಳುವಾಗ ಕೊಡೆ ಹಿಡಿದು ಹೊರಗೆ ಹೋಗಿ ವಿಡಿಯೊ ತೆಗೆಯಿರಿ. ನೀರು ಎಲ್ಲಿಂದ ಹೊರಟು ಎಲ್ಲಿಗೆ ಬೀಳುತ್ತಿದೆ ಎಂಬುದು ಅದರಲ್ಲಿ ಕಾಣಬೇಕು. ರಿಪೇರಿಗೆ ಬಂದವರ ಹೆಸರು, ತಾರೀಖು, ಮಾಡಿದ ಕೆಲಸ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಲೆಗೆ ಬಣ್ಣ ಹೊಡೆಯಲು ಬಂದರೆ, ಸೋರುವುದು ನಿಂತ ಮೇಲೆ ಬನ್ನಿ ಎಂದು ಹೇಳಿ ಕಳಿಸಿ. ಸ್ವಂತ ಖರ್ಚಿನಲ್ಲಿ ಬೇರೆಯವರಿಂದ ಗಟರ್ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ತಪ್ಪು ಯಾರದೆಂದು ತೋರಿಸುವುದು ಕಷ್ಟ.

ಮಾನ್ಯರೇ, ಈಗ ಆಗಸ್ಟ್. ಉತ್ತರೆ ಮಳೆಗೆ ಇನ್ನು ಒಂದು ತಿಂಗಳು. ಆ ಓರೆ ಬಿರುಕು ಎದ್ದಿರುವ ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದಾರೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆದಿದ್ದೇವೆ. ಈ ಮಳೆಗೆ ಅದು ಗುರುತು ದಾಟುವ ಮೊದಲು ತಮ್ಮ ಕಡೆಯಿಂದ ಒಬ್ಬ ಎಂಜಿನಿಯರನ್ನು ಕಳಿಸಿಕೊಡಿ. ಮಟ್ಟ ನೋಡುವ ಪೈಪು, ಏಣಿ ನಮ್ಮ ಮನೆಯಲ್ಲೇ ಇವೆ. ಭಾನುವಾರವಾದರೆ ಐದೂ ಮನೆಯವರು ಇರುತ್ತೇವೆ.

ತಮ್ಮ ವಿಶ್ವಾಸಿ,
ಒಬ್ಬ ಶಿಕ್ಷಕಿ
ಮೋಕಾ ರಸ್ತೆ, ಬಳ್ಳಾರಿ